ರೋಲ್‌ಪ್ಲೇಯಿಂಗ್ ಟೇಬಲ್‌ನಲ್ಲಿ ಕೂಡಿ ಆಡುವುದು: ನಿಮ್ಮ ಪಾತ್ರವೂ ಉಳಿಯಬೇಕು, ಗುಂಪೂ ಉಳಿಯಬೇಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಒಂದು ಸಲ ಕೂತು ಆಡುವುದು ಒಂದು ಸೆಷನ್. ಹೊಸದಾಗಿ ಶುರುವಾದ ಗುಂಪುಗಳು ಮೂರು-ನಾಲ್ಕು ಸೆಷನ್‌ಗೇ ನಿಂತುಹೋಗುವುದನ್ನು ನೋಡಿದ್ದೇನೆ. ಹೆಚ್ಚಾಗಿ ಎರಡರಲ್ಲಿ ಒಂದು ಕಾರಣ ಇರುತ್ತದೆ. ಒಬ್ಬ ತನ್ನ ಪಾತ್ರ ಹಿಡಿದುಕೊಂಡು ತನ್ನ ಪಾಡಿಗೆ ಹೊರಟುಬಿಡುತ್ತಾನೆ. ಇಲ್ಲವೇ ಒಬ್ಬ ಎಲ್ಲರ ಪಾತ್ರವನ್ನೂ ತಾನೇ ಆಡಿಸಲು ಕೂರುತ್ತಾನೆ. ಮೊದಲನೆಯದನ್ನು ಎಲ್ಲರೂ ಗುರುತಿಸುತ್ತಾರೆ, ಬೈಯುತ್ತಾರೆ. ಎರಡನೆಯದನ್ನು 'ಟೀಮ್‌ವರ್ಕ್' ಅಂತ ಹೊಗಳಿಬಿಡುತ್ತಾರೆ. ಎರಡರಿಂದಲೂ ಆಟ ಕೆಡುತ್ತದೆ.

ಕೂಡಿ ಆಡಬೇಕು ಅಂದರೆ ನಿಮ್ಮ ಪಾತ್ರದ ಖದರು ಕಮ್ಮಿ ಮಾಡಿಕೊಳ್ಳಬೇಕು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಪಕ್ಕದವರಿಗೆ ನಿಮ್ಮ ಪಾತ್ರದಿಂದ ಏನೋ ಬೇಕಾಗಿ ಅವರು ತಿರುಗಿ ನೋಡುತ್ತಾರಲ್ಲ, ಆಗ ಅದು ಎಂಥ ಪಾತ್ರ ಅನ್ನುವುದು ಎದ್ದು ಕಾಣುತ್ತದೆ. ಕತ್ತಲ ಮೂಲೆಯಲ್ಲಿ ಒಬ್ಬನೇ ಕೂತ ಕಳ್ಳನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ನನ್ನ ಪಾತ್ರವೋ ಗುಂಪೋ ಅನ್ನುವ ಈ ಎಳೆದಾಟ ಆಟದ ಹುಟ್ಟಿನಲ್ಲೇ ಇದೆ. ಯುದ್ಧದ ಆಟ ಅಂದರೆ ಎರಡು ಸೈನ್ಯ, ಎರಡು ಪಕ್ಷ ಅಂತಿದ್ದ ಕಾಲ ಅದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ಅನ್ನುವವರು 'ಬ್ರೌನ್‌ಸ್ಟೈನ್' ಅನ್ನುವ ಆಟ ಆಡಿಸಿದರು. ಒಂದು ಊರನ್ನು ಕಲ್ಪಿಸಿಕೊಂಡು ಒಬ್ಬರಿಗೆ ಮೇಯರ್, ಒಬ್ಬರಿಗೆ ಬ್ಯಾಂಕರ್ ಅಂತ ಪಾತ್ರ ಹಂಚಿದರು. ಪ್ರತಿಯೊಬ್ಬರಿಗೂ ಅವರದೇ ಗುರಿ. ಅಲ್ಲಿ ಆಡಿದ್ದ ಡೇವ್ ಆರ್ನೆಸನ್ ಮುಂದೆ 'ಬ್ಲ್ಯಾಕ್‌ಮೂರ್' ಕ್ಯಾಂಪೇನ್, ಅಂದರೆ ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಕಥೆ, ನಡೆಸಿದರು. ಅದರಲ್ಲಿ ಆಟಗಾರರು ಜೊತೆಯಾಗಿ ಕೋಟೆಯ ಕೆಳಗಿನ ಸುರಂಗಗಳಿಗೆ ಇಳಿಯುತ್ತಿದ್ದರು. 1974ರಲ್ಲಿ ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದರು. ನನ್ನದೇ ಪಾತ್ರ ಅನ್ನುವ ಖುಷಿ, ಎಲ್ಲರೂ ಒಂದೇ ಕಡೆ ಅನ್ನುವ ಒಪ್ಪಂದ, ಎರಡೂ ಈ ಆಟಕ್ಕೆ ಬೇಕು.

ಕೆಳಗಿನ ಹೆಜ್ಜೆಗಳು ನಾಲ್ಕು ಆಟಗಾರರು, ಕಥೆ ನಡೆಸುವ ಒಬ್ಬ ಡಂಜನ್ ಮಾಸ್ಟರ್ (ಡಿಎಂ) ಇರುವ ಟೇಬಲ್‌ಗೆ ಬರೆದವು. ಲೆಕ್ಕಗಳೆಲ್ಲ ಐದನೇ ಆವೃತ್ತಿಯ 2014ರ ನಿಯಮಗಳವು. 2024ರ ಪುಸ್ತಕದಲ್ಲಿ ಅಲ್ಲಲ್ಲಿ ಬದಲಾವಣೆ ಆಗಿದೆ. ಕೂಡಿ ಆಡುವ ಲೆಕ್ಕಾಚಾರ ಮಾತ್ರ ಹಾಗೇ ಇದೆ.

ಹೆಜ್ಜೆ 1: ಪಾತ್ರ ಮಾಡುವ ಮೊದಲು ಒಟ್ಟಿಗೆ ಕೂತುಕೊಳ್ಳಿ

ಇದನ್ನು 'ಸೆಷನ್ ಝೀರೋ' ಅನ್ನುತ್ತಾರೆ. ಎಲ್ಲರೂ ಮನೆಯಲ್ಲಿ ಒಬ್ಬೊಬ್ಬರೇ ಪಾತ್ರ ಮಾಡಿಕೊಂಡು ಬಂದರೆ ನಾಲ್ಕು ಬೇರೆ ಬೇರೆ ಕಥೆಗಳ ನಾಯಕರು ಒಂದೇ ಹೋಟೆಲಿನಲ್ಲಿ ಭೇಟಿಯಾದ ಹಾಗಾಗುತ್ತದೆ. ಅವರು ಜೊತೆಗೆ ಹೋಗಲು ಕಾರಣವೇ ಇರುವುದಿಲ್ಲ. ಆ ಕಾರಣ ಹುಡುಕುವ ಕಷ್ಟ ಡಿಎಂ ತಲೆಗೆ ಬೀಳುತ್ತದೆ.

ಅದಕ್ಕೆ ಮೊದಲ ದಿನ ದಾಳ ಮುಟ್ಟಬೇಡಿ. ಪ್ರತಿಯೊಬ್ಬರೂ ಎರಡು ಪ್ರಶ್ನೆಗೆ ಉತ್ತರ ಕೊಡಲಿ. ನನ್ನ ಪಾತ್ರ ಈ ಗುಂಪಿನ ಜೊತೆ ಯಾಕೆ ಇದೆ? ಇಲ್ಲಿರುವ ಯಾರಾದರೂ ಒಬ್ಬರನ್ನು ಅದು ಯಾಕೆ ನಂಬುತ್ತದೆ? ಎರಡನೇ ಪ್ರಶ್ನೆಯೇ ಮುಖ್ಯ. ನಾಲ್ವರೂ ಒಬ್ಬೊಬ್ಬರನ್ನು ಹಿಡಿದುಕೊಂಡರೆ ಸಾಕು, ಗುಂಪು ನಿಲ್ಲುತ್ತದೆ.

ಅದೇ ದಿನ ಮೂರು ವಿಷಯ ಬಾಯಿಬಿಟ್ಟು ಮಾತಾಡಿ. ಪಾರ್ಟಿಯೊಳಗೆ, ಅಂದರೆ ಪಾತ್ರಗಳ ಗುಂಪಿನೊಳಗೆ, ಕಳ್ಳತನ ನಡೆಯುತ್ತಾ? ಒಬ್ಬರ ಪಾತ್ರ ಇನ್ನೊಬ್ಬರ ಪಾತ್ರದ ಮೇಲೆ ಕೈ ಮಾಡಬಹುದಾ? ಆಟಗಾರರಿಂದಲೇ ಮುಚ್ಚಿಡುವ ಗುಟ್ಟುಗಳಿಗೆ ಜಾಗ ಇದೆಯಾ? ಎರಡನೆಯದಕ್ಕೆ ನನಗೆ ಒಗ್ಗಿದ ನಿಯಮ ಒಂದಿದೆ. ಏಟು ತಿನ್ನುವ ಪಾತ್ರದ ಆಟಗಾರ ಒಪ್ಪಿದರೆ ಮಾತ್ರ ಏಟು. ಅದರ ಫಲ ಏನು ಅಂತ ಹೇಳುವವರೂ ಅವರೇ. ದಾಳ ಬೇಡ. ಈ ಒಂದು ನಿಯಮದಿಂದ ತೊಂಬತ್ತು ಪಾಲು ಜಗಳ ಹುಟ್ಟುವುದೇ ಇಲ್ಲ.

ಹೆಜ್ಜೆ 2: ಪಾತ್ರದಲ್ಲಿ ಒಂದು ಕೊರತೆ ಬಿಡಿ

ಎಲ್ಲ ಬಲ್ಲ ಪಾತ್ರಕ್ಕೆ ಯಾರೂ ಬೇಕಾಗುವುದಿಲ್ಲ. ಬೀಗ ತೆಗೆಯಲು ಬರುತ್ತದೆ, ಮಾತಾಡಲು ಬರುತ್ತದೆ, ಮಂತ್ರವೂ ಗೊತ್ತು. ಮತ್ತೆ ಪಕ್ಕದವರು ಯಾಕಿದ್ದಾರೆ? ನಿಮ್ಮ ಪಾತ್ರಕ್ಕೆ ಚೆನ್ನಾಗಿ ಬರುವ ಎರಡು ಕೆಲಸ, ಒಂದಿಷ್ಟೂ ಬಾರದ ಒಂದು ಕೆಲಸ ಆರಿಸಿ. ಬಾರದ್ದನ್ನು ಟೇಬಲ್‌ನಲ್ಲಿ ಜೋರಾಗಿ ಹೇಳಿ. "ನನ್ನ ಫೈಟರ್‌ಗೆ ಓದೋಕೆ ಬರಲ್ಲ" ಅಂದ ಕೂಡಲೇ ವಿಝರ್ಡ್ (ಮಂತ್ರವಾದಿ) ಆಡುವವಳಿಗೆ ಒಂದು ಸೀನ್ ಸಿಕ್ಕಿತು.

ಒಂಟಿತೋಳದಂಥ ಪಾತ್ರ ನಿಮಗಿಷ್ಟವೇ? ಬಿಡಬೇಡಿ. ಅದಕ್ಕೆ ಒಂದೇ ಒಂದು ಕೊಂಡಿ ಹಾಕಿ. ಯಾರನ್ನೂ ನಂಬದ ಅನಾಥ ರೋಗ್ (ಕಳ್ಳನ ಬಗೆಯ ಪಾತ್ರ) ಅಂತಿಟ್ಟುಕೊಳ್ಳಿ. ಕಾವಲುಗಾರರು ಅಟ್ಟಿಸಿಕೊಂಡು ಬಂದ ರಾತ್ರಿ ಗುಂಪಿನ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪಾತ್ರ) ಅವನನ್ನು ಗುಡಿಯ ಉಗ್ರಾಣದಲ್ಲಿ ಅಡಗಿಸಿದ್ದಳು. ಯಾಕೆ ಅಂತ ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ. ಈಗ ಅವನು ಯಾರನ್ನೂ ನಂಬುವುದಿಲ್ಲ, ಅವಳೊಬ್ಬಳನ್ನು ಬಿಟ್ಟು. ಒಂಟಿತನ ಹಾಗೇ ಉಳಿಯಿತು, ಗುಂಪಿನ ಜೊತೆ ನಡೆಯಲು ಕಾರಣವೂ ಸಿಕ್ಕಿತು.

ಇನ್ನೊಂದು ಮಾತು. "ಹೀಲರ್ ಯಾರೂ ಇಲ್ಲ, ನೀನು ಕ್ಲೆರಿಕ್ ಆಗು" ಅಂತ ಕೊನೆಗೆ ಬಂದವರ ತಲೆಗೆ ಕಟ್ಟಬೇಡಿ. ಗುಣಪಡಿಸುವ ಹೀಲಿಂಗ್ ವರ್ಡ್ ಮಂತ್ರ ಹಾಡುಗಾರ ಬಾರ್ಡ್‌ಗೂ ಸಿಗುತ್ತದೆ, ಕಾಡಿನ ಮಾಂತ್ರಿಕ ಡ್ರೂಯಿಡ್‌ಗೂ ಸಿಗುತ್ತದೆ. 50 ಚಿನ್ನದ ನಾಣ್ಯಕ್ಕೆ ಗುಣಪಡಿಸುವ ಔಷಧಿಯ ಶೀಶೆ ಸಿಗುತ್ತದೆ. ಇಷ್ಟವಿಲ್ಲದ ಪಾತ್ರವನ್ನು ಒಬ್ಬರು ತಿಂಗಳುಗಟ್ಟಲೆ ಆಡುವುದನ್ನು ತ್ಯಾಗ ಅಂತ ಕರೆದು ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. ಅವರ ಸಂಜೆಗಳೂ ಸಂಜೆಗಳೇ ಅಲ್ವಾ?

ಹೆಜ್ಜೆ 3: ಪಕ್ಕದವರ ಕ್ಯಾರೆಕ್ಟರ್ ಶೀಟ್ ಓದಿ, ಲೆಕ್ಕ ಕಲಿಯಿರಿ

ಕ್ಯಾರೆಕ್ಟರ್ ಶೀಟ್ ಅಂದರೆ ಪಾತ್ರದ ಬಲ, ಅಂಕಿಗಳನ್ನು ಬರೆದ ಹಾಳೆ. ಕೂಡಿ ಆಡುವುದರ ಲಾಭ ಈ ಆಟದ ಅಂಕಿಗಳಲ್ಲೇ ಇದೆ. ಅದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಮತ್ತೆ ಉಪದೇಶ ಬೇಕಾಗುವುದಿಲ್ಲ.

ಮೂರನೇ ಲೆವೆಲ್‌ನ ರೋಗ್ ಒಬ್ಬನನ್ನು ತೆಗೆದುಕೊಳ್ಳಿ. ಕೈಯಲ್ಲಿ ಶಾರ್ಟ್‌ಬೋ, ಡೆಕ್ಸ್‌ಟೆರಿಟಿ (ಚುರುಕುತನ) ಬೋನಸ್ 3. ಬಾಣ ತಾಗಿದರೆ ಒಂದು ಡಿ6 (ಆರು ಮುಖದ ದಾಳ) ಮತ್ತು 3, ಅಂದರೆ ಸರಾಸರಿ 6.5 ಡ್ಯಾಮೇಜ್. ಈಗ ಫೈಟರ್ ಹೋಗಿ ಆ ಶತ್ರುವಿನ 5 ಅಡಿಯೊಳಗೆ ನಿಂತ ಅನ್ನಿ. ಸುಮ್ನೆ ನಿಂತರೂ ಸಾಕು. ಆಗ ರೋಗ್‌ಗೆ ಸ್ನೀಕ್ ಅಟ್ಯಾಕ್ ಸಿಗುತ್ತದೆ, ಇನ್ನೆರಡು ಡಿ6 ಸೇರುತ್ತದೆ. ಸರಾಸರಿ 13.5. ಅದೇ ಬಾಣ, ಅದೇ ಬಿಲ್ಲು, ಎರಡು ಪಟ್ಟಿಗಿಂತ ಜಾಸ್ತಿ. ಒಂಟಿಯಾಗಿ ಇದೇ ಏಟು ಬೇಕಾದರೆ ಅವನು ಮೊದಲು ಅಡಗಬೇಕು, ಅದಕ್ಕೊಂದು ದಾಳ ಉರುಳಿಸಬೇಕು, ಅದೂ ಗೆಲ್ಲಬೇಕು.

ಹೆಲ್ಪ್ ಆಕ್ಷನ್ ಅನ್ನು ಹೊಸಬರು ಮರೆತೇಬಿಡುತ್ತಾರೆ. ನೀವು ಶತ್ರುವಿನ 5 ಅಡಿಯೊಳಗಿದ್ದು ಹೆಲ್ಪ್ ಮಾಡಿದರೆ, ಗೆಳೆಯನ ಮುಂದಿನ ಏಟಿಗೆ ಅಡ್ವಾಂಟೇಜ್. ಎರಡು ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. 11 ಅಥವಾ ಮೇಲೆ ಬೀಳಬೇಕಾದಾಗ ಗೆಲ್ಲುವ ಸಾಧ್ಯತೆ 50 ಶೇಕಡಾದಿಂದ 75ಕ್ಕೆ ಏರುತ್ತದೆ. 15 ಬೇಕಾದಾಗ 30ರಿಂದ 51ಕ್ಕೆ. ಆದರೆ ಆ ಸರದಿಯ ನಿಮ್ಮ ಆಕ್ಷನ್ (ಮುಖ್ಯ ಕೆಲಸ) ಖರ್ಚಾಗುತ್ತದೆ. ಹಾಗಾಗಿ ನಿಮ್ಮ ಏಟು ಸಣ್ಣದು, ಗೆಳೆಯನದು ದೊಡ್ಡದು ಅನ್ನುವಾಗ ಮಾತ್ರ ಇದು ಲಾಭ. ವಿಝರ್ಡ್ ಹತ್ತಿರ ಫೆಮಿಲಿಯರ್ ಗೂಬೆ (ಮಂತ್ರದಿಂದ ಕರೆಸಿಕೊಂಡ ಜೊತೆಗಾರ) ಇದ್ದರೆ ಅದನ್ನೇ ಕಳಿಸಿ. ಅದಕ್ಕೆ ಏಟು ಹಾಕಲು ಬರುವುದಿಲ್ಲ, ಹೆಲ್ಪ್ ಮಾಡಲು ಬರುತ್ತದೆ.

ಏಟುಗಳನ್ನು ಒಬ್ಬನ ಮೇಲೇ ಹಾಕುವುದು ಇನ್ನೊಂದು. ನಾಲ್ಕು ಓರ್ಕ್‌ಗಳು ಎದುರಿಗಿವೆ, ತಲಾ 15 ಹಿಟ್ ಪಾಯಿಂಟ್ (ಜೀವಬಲದ ಅಂಕ). ನೀವು ನಾಲ್ವರೂ ತಲಾ 8 ಡ್ಯಾಮೇಜ್ ಕೊಟ್ಟಿರಿ ಅಂದುಕೊಳ್ಳಿ. ಒಬ್ಬೊಬ್ಬರು ಒಂದೊಂದು ಓರ್ಕ್ ಹಿಡಿದುಕೊಂಡರೆ ನಾಲ್ಕೂ ಇನ್ನೂ ನಿಂತಿವೆ, ನಾಲ್ಕು ಕೊಡಲಿ ಏಟು ಬರುತ್ತದೆ. ಇಬ್ಬಿಬ್ಬರು ಸೇರಿ ಹೊಡೆದರೆ ಎರಡು ಸತ್ತವು, ಬರುವುದು ಎರಡೇ ಏಟು. ಈ ಆಟದಲ್ಲಿ ಒಂದೇ ಹಿಟ್ ಪಾಯಿಂಟ್ ಉಳಿದವನೂ ಪೂರ್ತಿ ಬಲದಿಂದಲೇ ಹೊಡೆಯುತ್ತಾನೆ. "ಇದು ನನ್ನ ಓರ್ಕ್, ನಾನೇ ಮುಗಿಸ್ತೀನಿ" ಅನ್ನುವ ಶೌರ್ಯದ ಬೆಲೆ ವಿಝರ್ಡ್ ತೆರುತ್ತಾನೆ.

ಒಬ್ಬನೇ ಮುಂದೆ ಹೋಗಿ ನೋಡಿಕೊಂಡು ಬರುವವನಿಗೂ ಲೆಕ್ಕ ಇದೆ. ಹೀಲಿಂಗ್ ವರ್ಡ್ 60 ಅಡಿ ದೂರಕ್ಕೆ ತಲುಪುತ್ತದೆ, ಕ್ಲೆರಿಕ್ ಸಾಮಾನ್ಯವಾಗಿ 30 ಅಡಿ ನಡೆಯುತ್ತಾಳೆ. ಅವಳ ಕಣ್ಣಿಗೆ ಕಾಣುವ ಹಾಗೆ 90 ಅಡಿಯೊಳಗೆ ಬಿದ್ದರೆ ಒಂದೇ ಸರದಿಯಲ್ಲಿ ಎಬ್ಬಿಸಬಹುದು. ಅದಕ್ಕಿಂತ ದೂರ ಬಿದ್ದರೆ ಕಷ್ಟ. ಸೊನ್ನೆ ಹಿಟ್ ಪಾಯಿಂಟ್‌ಗೆ ಬಂದು ಪ್ರಜ್ಞೆ ತಪ್ಪಿದವನಿಗೆ ಹತ್ತಿರದಿಂದ ತಾಗಿದ ಪ್ರತಿ ಏಟೂ ಕ್ರಿಟಿಕಲ್ (ಅತಿ ಬಲವಾದ ಏಟು), ಒಂದು ಏಟಿಗೆ ಎರಡು ಡೆತ್ ಸೇವ್ (ಸಾವು-ಬದುಕಿನ ದಾಳ) ಸೋತಂತೆ. ಮೂರು ಸೋತರೆ ಸಾವು. ಅಂದರೆ ಒಂಟಿಯಾಗಿ ಬಿದ್ದವನಿಗೆ ಎರಡೇ ಏಟು ಸಾಕು. ರೋಗ್ ಆಡುವವರು ಈ 90 ಅಡಿಯನ್ನು ನೆನಪಿಟ್ಟುಕೊಂಡರೆ ಹೊಸ ಕ್ಯಾರೆಕ್ಟರ್ ಶೀಟ್ ಬರೆಯುವ ಕೆಲಸ ತಪ್ಪುತ್ತದೆ.

ಹೆಜ್ಜೆ 4: "ನನ್ನ ಪಾತ್ರ ಹಾಗೇ ಮಾಡೋದು" ಅನ್ನುವ ಮುಂಚೆ ನಿಲ್ಲಿ

ಟೇಬಲ್‌ಗಳನ್ನು ಕೆಡಿಸಿದ ಮಾತು ಇದು. ಗುಡಿಯ ಮಾಣಿಕ್ಯ ಕದ್ದೆ ಯಾಕೆ? ನನ್ನ ಪಾತ್ರ ಕಳ್ಳ. ಸಂಧಾನಕ್ಕೆ ಬಂದ ದೊರೆಯನ್ನು ಇರಿದೆ ಯಾಕೆ? ನನ್ನ ಪಾತ್ರಕ್ಕೆ ದೊರೆಗಳನ್ನು ಕಂಡರೆ ಆಗಲ್ಲ. ಕೇಳಲು ಇದು ಪಾತ್ರಕ್ಕೆ ತೋರಿಸುವ ನಿಷ್ಠೆ ಅನ್ನಿಸುತ್ತದೆ. ಆದರೆ ಆ ಪಾತ್ರವನ್ನು ಬರೆದವರು ಯಾರು? ನೀವೇ. ಕದಿಯಲು ಕಾರಣ ಬರೆದ ಕೈ ಇವತ್ತು ಕದಿಯದಿರಲೂ ಒಂದು ಕಾರಣ ಬರೆಯಬಲ್ಲದು.

ಮಾಡಬೇಕಾದ್ದು ಇಷ್ಟು. ಬಾಯಿಗೆ ಆ ಮಾತು ಬಂದಾಗ ಪ್ರಶ್ನೆ ತಿರುಗಿಸಿ. ನನ್ನ ಪಾತ್ರ ಹೀಗೆ ಮಾಡುವಂಥದ್ದೇ ಹೌದು, ಆದರೆ ಇವತ್ತು ಯಾಕೆ ಮಾಡಲಿಲ್ಲ? ಉತ್ತರ ಹುಡುಕುವಾಗಲೇ ಪಾತ್ರ ಬೆಳೆಯುತ್ತದೆ. ಕಳ್ಳ ಕದ್ದರೆ ಅದರಲ್ಲಿ ಹೊಸದೇನಿಲ್ಲ. ಮಾಣಿಕ್ಯದ ಮುಂದೆ ನಿಂತು, ಉಗ್ರಾಣದ ಆ ರಾತ್ರಿ ನೆನಪಾಗಿ, ಕೈ ಹಿಂದೆ ತೆಗೆದ ಕಳ್ಳನ ಬಗ್ಗೆ ಟೇಬಲ್‌ನವರು ಮುಂದಿನ ವಾರವೂ ಮಾತಾಡುತ್ತಾರೆ.

ಇಲ್ಲ, ಕದಿಯಲೇಬೇಕು, ಆ ಸೀನ್ ಚೆನ್ನಾಗಿರುತ್ತದೆ ಅನ್ನಿಸಿದರೆ ಪಾತ್ರದಿಂದ ಹೊರಬಂದು ಕೇಳಿಬಿಡಿ. ಒಬ್ಬರದು ರೋಗ್, ಇನ್ನೊಬ್ಬರದು ಪ್ಯಾಲಡಿನ್ (ಧರ್ಮನಿಷ್ಠ ವೀರ) ಅನ್ನಿ. ನಮ್ಮ ಟೇಬಲ್‌ನಲ್ಲಿ ಅದು ಹೀಗೆ ನಡೆಯುತ್ತದೆ:

"ನನ್ನ ರೋಗ್ ಈ ಮಾಣಿಕ್ಯ ಜೇಬಿಗಿಳಿಸ್ತಾನೆ. ನಿನ್ನ ಪ್ಯಾಲಡಿನ್‌ಗೆ ಗೊತ್ತಾದ್ರೆ ಜಗಳ ಆಗುತ್ತೆ. ಆ ಸೀನ್ ಮಾಡೋಣ್ವಾ?"

"ಮಾಡೋಣ ಕಣೋ. ಆದ್ರೆ ಕೊನೆಗೆ ಅದು ಗುಡಿಗೇ ವಾಪಸ್ ಹೋಗ್ಬೇಕು."

"ಸರಿ. ಬೈಸ್ಕೊಂಡು ನಾನೇ ಇಟ್ಟು ಬರ್ತೀನಿ."

ಅರ್ಧ ನಿಮಿಷದ ಮಾತು. ಆಮೇಲೆ ಆ ಇಬ್ಬರು ಪಾತ್ರದಲ್ಲಿ ಎಷ್ಟು ಬೇಕಾದರೂ ಕೂಗಾಡಬಹುದು, ಯಾರ ಮನಸ್ಸೂ ಮುರಿಯುವುದಿಲ್ಲ. ತಾಳಮದ್ದಳೆ ನೋಡಿದವರಿಗೆ ಇದು ಹೊಸದಲ್ಲ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಬಿರುಸಾಗಿ ವಾದ ಹೂಡುತ್ತಾರೆ. ಕರ್ಣನಿಗೂ ಕೃಷ್ಣನಿಗೂ ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಎದುರಿನವರ ಮಾತಿಗೆ ಎಡೆ ಕೊಡುವುದು, ಅವರು ಎತ್ತಿದ ಎಳೆಯನ್ನೇ ಹಿಡಿದು ಉತ್ತರಿಸುವುದು ಬಲ್ಲವರೇ ಒಳ್ಳೆಯ ಅರ್ಥಧಾರಿಗಳು. ಜಗಳ ಪಾತ್ರಗಳದ್ದು, ಪ್ರಸಂಗ ಇಬ್ಬರದ್ದು.

ಹೆಜ್ಜೆ 5: ಆಜ್ಞೆ ಕೊಡಬೇಡಿ, ಬೇಕಾದ್ದನ್ನು ಹೇಳಿ

ಈಗ ಶುರುವಿನಲ್ಲಿ ಹೇಳಿದ ಎರಡನೇ ಕಾಯಿಲೆ, ಎಲ್ಲರ ಪಾತ್ರವನ್ನೂ ಒಬ್ಬನೇ ಆಡಿಸುವುದು. ನಿಯಮ ಚೆನ್ನಾಗಿ ಬಲ್ಲ ಒಬ್ಬ ಆಟಗಾರ ಇರುತ್ತಾನೆ. ಅವನ ಮನಸ್ಸು ಒಳ್ಳೆಯದೇ. "ನೀನು ಬಲಕ್ಕೆ ಹೋಗು, ನೀನು ಬ್ಲೆಸ್ ಮಂತ್ರ ಹಾಕು, ನೀನು ಅಲ್ಲೇ ನಿಲ್ಲು" ಅನ್ನುತ್ತಾನೆ. ಪಾರ್ಟಿ ಗೆಲ್ಲುತ್ತದೆ. ಉಳಿದ ಮೂವರು ಸುಮ್ನೆ ದಾಳ ಉರುಳಿಸುವ ಕೈಗಳಾಗಿರುತ್ತಾರೆ. ಹಳೆಯ ನಿಯಮ ಪುಸ್ತಕಗಳಲ್ಲಿ 'ಕಾಲರ್' ಅನ್ನುವ ಪಾತ್ರವೇ ಇತ್ತು, ಗುಂಪಿನ ನಿರ್ಧಾರವನ್ನು ಒಬ್ಬರು ಡಿಎಂಗೆ ಹೇಳುವುದು. ನಾಲ್ಕೈದು ಜನರ ಇವತ್ತಿನ ಟೇಬಲ್‌ಗೆ ಅದರ ಅಗತ್ಯ ನನಗಂತೂ ಕಾಣುವುದಿಲ್ಲ.

ಅಂಥ ಆಟಗಾರ ನೀವಾಗಿದ್ದರೆ ಮಾತಿನ ರೀತಿ ಬದಲಿಸಿ. "ನನಗೆ ಹೀಲಿಂಗ್ ವರ್ಡ್ ಹಾಕು" ಬೇಡ. "ನಾನು ಇನ್ನೊಂದು ಏಟು ತಡ್ಕೊಳ್ಳಲ್ಲ, ಯಾರಾದ್ರೂ ಏನಾದ್ರೂ ಮಾಡ್ಬಹುದಾ?" ಅನ್ನಿ. ಉಪಾಯ ಅವರು ಹುಡುಕಲಿ. ನೀವು ಯೋಚಿಸಿದ್ದಕ್ಕಿಂತ ಕಮ್ಮಿ ಫಲದ ಉಪಾಯ ಬರಬಹುದು. ಬಂದರೆ ಬರಲಿ, ಅದು ಅವರ ಸರದಿ.

ಟೇಬಲ್‌ಗೆಲ್ಲ ಒಂದು ನಿಯಮ ಇಡಬಹುದು. ಯುದ್ಧದ ಒಂದು ರೌಂಡ್ ಅಂದರೆ ಆಟದೊಳಗೆ 6 ಸೆಕೆಂಡ್. ಅಷ್ಟರಲ್ಲಿ ಕೂಗಿ ಹೇಳಲು ಆಗುವಷ್ಟೇ ಸಲಹೆ, ಅಂದರೆ ಒಂದು ವಾಕ್ಯ. ಆಟಗಾರ ತಾನಾಗಿ ಕೇಳಿದರೆ ಮಾತ್ರ ಅದಕ್ಕಿಂತ ಜಾಸ್ತಿ.

ಕನ್ನಡದಲ್ಲಿ ಆಡುವ ಗುಂಪುಗಳಿಗೆ ಇನ್ನೊಂದು ತೊಡಕು ಇದೆ. ಟೇಬಲ್‌ನಲ್ಲಿ ಆಫೀಸಿನ ಹಿರಿಯರೋ ಅಣ್ಣನ ಸ್ನೇಹಿತರೋ ಇದ್ದರೆ 'ಸರ್', 'ನೀವು' ಅನ್ನುವುದು ಬಿಡುವುದಿಲ್ಲ. ಅವರ ಪ್ಲಾನ್ ಸರಿಯಿಲ್ಲ ಅಂತ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೆ ಮೊದಲೇ ಒಪ್ಪಿಕೊಳ್ಳಿ: ಆಟದೊಳಗೆ ಪಾತ್ರದ ಹೆಸರಿನಿಂದ ಕರೆಯುವುದು, ಪಾತ್ರಗಳ ನಡುವೆ 'ನೀನು'. ಬ್ರೇಕ್‌ನಲ್ಲಿ ಕಾಫಿ ಕುಡಿಯುವಾಗ ಮತ್ತೆ 'ನೀವು'. ಎರಡು ಸೆಷನ್‌ಗೆ ರೂಢಿಯಾಗುತ್ತದೆ.

ಹೆಜ್ಜೆ 6: ಡಿಎಂ ಆದವರು ದಾಳವನ್ನು ಗುಂಪಿನ ಕಡೆ ತಿರುಗಿಸಬೇಕು

ನಾಲ್ವರೂ ಸದ್ದಿಲ್ಲದೆ ಕಾವಲು ದಾಟಬೇಕು ಅಂತಿಟ್ಟುಕೊಳ್ಳಿ. ಒಬ್ಬೊಬ್ಬರಿಗೂ ಗೆಲ್ಲುವ ಸಾಧ್ಯತೆ 70 ಶೇಕಡಾ. ಎಲ್ಲರೂ ಗೆಲ್ಲಲೇಬೇಕು ಅಂದರೆ ಪಾರ್ಟಿ ದಾಟುವ ಸಾಧ್ಯತೆ ಬರೀ 24. ಇದನ್ನು ಒಂದು ಸಲ ಅನುಭವಿಸಿದ ರೋಗ್ ಮುಂದೆ ಯಾವತ್ತೂ "ನೀವಿಲ್ಲೇ ಇರಿ, ನಾನೊಬ್ಬನೇ ಹೋಗ್ತೀನಿ" ಅನ್ನುತ್ತಾನೆ. ಅವನ ತಪ್ಪಲ್ಲ, ನೀವು ಕೇಳಿದ ದಾಳವೇ ಅವನನ್ನು ಒಂಟಿ ಮಾಡಿತು. ನಿಯಮದಲ್ಲೇ ಇರುವ ಗ್ರೂಪ್ ಚೆಕ್ ಬಳಸಿ. ಅರ್ಧದಷ್ಟು ಜನ ಗೆದ್ದರೆ ಎಲ್ಲರೂ ಗೆದ್ದಂತೆ. ಅದೇ 70ರ ಲೆಕ್ಕದಲ್ಲಿ ಪಾರ್ಟಿ ದಾಟುವ ಸಾಧ್ಯತೆ ಸುಮಾರು 92ಕ್ಕೆ ಏರುತ್ತದೆ. ಕಬ್ಬಿಣದ ಕವಚದ ಪ್ಯಾಲಡಿನ್ ಸದ್ದು ಮಾಡಿದಾಗ ರೋಗ್ ಹೇಗೆ ಅದನ್ನು ಮುಚ್ಚಿಹಾಕಿದ ಅಂತ ಅವನನ್ನೇ ಕೇಳಿ.

ಅನುಭವದ ಅಂಕ ಎಲ್ಲರಿಗೂ ಸಮ ಕೊಡಿ. ಕೊನೆಯ ಏಟು ಹಾಕಿದವರಿಗೆ ಜಾಸ್ತಿ ಅನ್ನುವ ಪದ್ಧತಿ ಬೇಡವೇ ಬೇಡ. ಆ ದಿನದಿಂದ ಗೆಳೆಯರಿಗೆ ಬಲ ಕೊಡುವ ಬ್ಲೆಸ್ ಹಾಕುವವರು ಸಿಗುವುದಿಲ್ಲ.

ಪಾತ್ರಗಳ ಸ್ವಂತ ಗುರಿಗಳನ್ನು ಒಂದೇ ಜಾಗಕ್ಕೆ ತನ್ನಿ. ಫೈಟರ್‌ನ ಕಳೆದುಹೋದ ತಮ್ಮ, ವಿಝರ್ಡ್ ಹುಡುಕುತ್ತಿರುವ ಗ್ರಂಥ, ಎರಡೂ ಒಂದೇ ಕೋಟೆಯಲ್ಲಿರಲಿ. ಪಾರ್ಟಿ ಎರಡಾಗಿ ಒಡೆದರೆ ಒಂದು ಕಡೆಯೇ ಅರ್ಧ ಗಂಟೆ ಕಳೆಯಬೇಡಿ, ಕುತೂಹಲ ಏರಿದ ಕ್ಷಣಕ್ಕೆ ಇನ್ನೊಂದು ಕಡೆಗೆ ಹಾರಿ. ಮಾತು ಕಮ್ಮಿ ಆಡುವವರಿಗೆ ಅವರ ಪಾತ್ರದ ಹೆಸರು ಹಿಡಿದು ನೇರ ಪ್ರಶ್ನೆ ಹಾಕಿ.

ಹೆಜ್ಜೆ 7: ಹೊಂದದಿದ್ದರೆ ಆಟದ ಹೊರಗೆ ಮಾತಾಡಿ

ತೊಂದರೆ ಆಟಗಾರನದ್ದಾಗಿದ್ದರೆ ಅವನ ಪಾತ್ರಕ್ಕೆ ಶಿಕ್ಷೆ ಕೊಡಬೇಡಿ. ಆಕಾಶದಿಂದ ಸಿಡಿಲು ಬೀಳಿಸಿ ಪಾತ್ರವನ್ನು ಕೊಂದರೆ ಅವನು ಅಂಥದ್ದೇ ಇನ್ನೊಂದು ಪಾತ್ರ ಮಾಡಿಕೊಂಡು ಬರುತ್ತಾನೆ. ಸೆಷನ್ ಮುಗಿದ ಮೇಲೆ ಒಬ್ಬರೇ ಫೋನ್ ಮಾಡಿ, ನಡೆದ ಒಂದು ಘಟನೆ ಹೇಳಿ, ಅದರಿಂದ ಯಾರಿಗೆ ಏನಾಯಿತು ಹೇಳಿ. ಆಮೇಲೆ ನಿನಗೆ ಈ ಆಟದಿಂದ ಏನು ಬೇಕು ಅಂತ ಕೇಳಿ. ವಾಟ್ಸಾಪ್ ಗ್ರೂಪ್‌ನಲ್ಲಿ ಎಲ್ಲರ ಮುಂದೆ ಬೇಡ.

ಅವನಿಗೆ ಬೇಕಾಗಿರುವುದು ಗೆಳೆಯರ ಬೆನ್ನಿಗೆ ಚೂರಿ ಹಾಕುವ ಮಜಾ ಅನ್ನಿಸಿದರೆ, ಅದರಲ್ಲೂ ತಪ್ಪೇನಿಲ್ಲ. ಅದಕ್ಕಾಗಿಯೇ ಮಾಡಿದ ಆಟಗಳಿವೆ. 1984ರಲ್ಲಿ ಬಂದ 'ಪ್ಯಾರನೋಯಾ'ದಲ್ಲಿ ಒಬ್ಬರನ್ನೊಬ್ಬರು ದೇಶದ್ರೋಹಿ ಅಂತ ಹಿಡಿದುಕೊಡುವುದೇ ಆಟ. ಪ್ರತಿ ಆಟಗಾರನಿಗೂ ಒಂದೇ ಪಾತ್ರದ ಹಲವು ತದ್ರೂಪಿಗಳಿರುವುದರಿಂದ ಸತ್ತರೂ ಆಟ ನಿಲ್ಲುವುದಿಲ್ಲ. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ 'ಫಿಯಾಸ್ಕೊ'ದಲ್ಲಿ ಡಿಎಂ ಇಲ್ಲ, 3ರಿಂದ 5 ಜನ ಸೇರಿ ದುರಾಸೆಯ ಪಾತ್ರಗಳು ಹಾಳಾಗುವ ಕಥೆಯನ್ನು ಒಂದೇ ಸಂಜೆಯಲ್ಲಿ ಕಟ್ಟುತ್ತಾರೆ.

ಇದಕ್ಕೆ ತದ್ವಿರುದ್ಧವಾಗಿ, ಗುಂಪು ಇನ್ನೂ ಗಟ್ಟಿಯಾಗಬೇಕು ಅನ್ನುವವರು ಜಾನ್ ಹಾರ್ಪರ್ ಅವರ 'ಬ್ಲೇಡ್ಸ್ ಇನ್ ದ ಡಾರ್ಕ್' ಹಿಡಿಯಿರಿ. ಅಲ್ಲಿ ಕಳ್ಳರ ಗ್ಯಾಂಗ್‌ಗೇ ಒಂದು ಪ್ರತ್ಯೇಕ ಶೀಟ್ ಇದೆ, ಗ್ಯಾಂಗ್ ಕೂಡ ಪಾತ್ರದಂತೆ ಬೆಳೆಯುತ್ತದೆ. ಗೆಳೆಯನಿಗೆ ನೆರವಾಗಲು ನೀವು 1 ಸ್ಟ್ರೆಸ್ (ಒತ್ತಡದ ಅಂಕ) ತೆಗೆದುಕೊಳ್ಳಬೇಕು, ಅವನಿಗೆ ಒಂದು ದಾಳ ಜಾಸ್ತಿ ಸಿಗುತ್ತದೆ. ಗುಂಪಾಗಿ ಮಾಡುವ ಕೆಲಸದಲ್ಲಿ ಎಲ್ಲರೂ ದಾಳ ಉರುಳಿಸುತ್ತಾರೆ, ಅತ್ಯುತ್ತಮ ಫಲ ಎಲ್ಲರದ್ದು, 3 ಅಥವಾ ಕೆಳಗೆ ಬಿದ್ದ ಪ್ರತಿ ಫಲಕ್ಕೂ ಮುಂದಾಳು 1 ಸ್ಟ್ರೆಸ್ ತಿನ್ನುತ್ತಾನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕ್ಯಾಂಪೇನ್ ನಡುವೆ ಎರಡು ವಾರ ಬಿಡುವು ಮಾಡಿಕೊಂಡು ಇದನ್ನು ಆಡಿ ನೋಡಿ. ಪ್ರತಿ ಸೆಷನ್‌ಗೂ ಮುಂದಾಳನ್ನು ಬದಲಿಸಿ, ಸಾಮಾನ್ಯವಾಗಿ ಸುಮ್ಮನಿರುವವರಿಂದ ಶುರು ಮಾಡಿ.